ನೆಟ್ಟಗೆ ಕೂತು ನೋಡುವ ಬಗೆ: ಕಣ್ಣು ಮತ್ತು ಬೆನ್ನಿನ ಬಳಕೆದಾರರ ಕೈಪಿಡಿ



ಎರಡು ಕಣ್ಣು ಮತ್ತು ಒಂದು ಬೆನ್ನಿನ ಒಡೆತನ ಪಡೆದಿರುವ ತಮಗೆ ಅಭಿನಂದನೆಗಳು. ಹುಟ್ಟಿದ ದಿನದಿಂದಲೇ ನೀವು ಈ ಉಪಕರಣವನ್ನು ಬಳಸುತ್ತಿದ್ದೀರಿ. ಕೈಪಿಡಿ ಮಾತ್ರ ಈಗ ಕೈಸೇರುತ್ತಿದೆ. ವಿಳಂಬಕ್ಕೆ ತಯಾರಕರಾದ ಬ್ರಹ್ಮ ಅಂಡ್ ಕೋ., ಸತ್ಯಲೋಕ, ಯಾವ ವಿಷಾದವನ್ನೂ ಸೂಚಿಸಿಲ್ಲ. ಈ ನಡುವಿನ ಕಾಲದಲ್ಲಿ ಕೈಪಿಡಿಯ ಕೊರತೆಯನ್ನು ಮನೆಯ ಹಿರಿಯರು, ಪಾರ್ಕಿನಲ್ಲಿ ವಾಕಿಂಗ್ ಮಾಡುವ ನಿವೃತ್ತರು ಮತ್ತು ವಾಟ್ಸಾಪ್ ಪಂಡಿತರು ತುಂಬಿಕೊಟ್ಟಿದ್ದಾರೆ. ಅವರೆಲ್ಲರ ಬೋಧನೆಯ ಸಾರ ಒಂದೇ: "ಬೆನ್ನು ನೆಟ್ಟಗೆ ಮಾಡು, ಕಣ್ಣು ತಾನಾಗಿ ಸರಿಹೋಗುತ್ತೆ." ಈ ಮಾತಿನಲ್ಲಿ ಹುರುಳೆಷ್ಟು ಎಂದು ತಿಳಿಯಲು ಮುಂದೆ ಓದಿ. ನೆಟ್ಟಗೆ ಕೂತು ಓದಿದರೆ ಒಳ್ಳೆಯದು. ಮಲಗಿ ಓದಿದರೂ ಅರ್ಥವೇನೂ ಬದಲಾಗುವುದಿಲ್ಲ.

1. ಪೆಟ್ಟಿಗೆಯೊಳಗೆ ಏನೇನಿದೆ?

ಕಣ್ಣುಗುಡ್ಡೆಗಳು, ಎರಡು. ವಯಸ್ಕರಲ್ಲಿ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ.

ಹೊರಗಿನ ಸ್ನಾಯುಗಳು, ಕಣ್ಣೊಂದಕ್ಕೆ ಆರು. ಕೆಲಸ: ಗುಡ್ಡೆಯನ್ನು ಅತ್ತಿತ್ತ ತಿರುಗಿಸುವುದು. ಪಕ್ಕದ ಮನೆಗೆ ಯಾರು ಬಂದರೆಂದು ತಲೆಯಾಡಿಸದೆ ನೋಡಲು ನೆರವಾಗುವವು ಇವೇ.

ಒಳಗೆ ಮಸೂರ, ಒಂದು. ಅದರ ಸುತ್ತ ಪುಟ್ಟದೊಂದು ಬಳೆಸ್ನಾಯು. ಹತ್ತಿರದ್ದನ್ನು ನೋಡುವಾಗ ಈ ಸ್ನಾಯು ಬಿಗಿಯುತ್ತದೆ, ಮಸೂರ ಉಬ್ಬುತ್ತದೆ, ಅಕ್ಷರ ಸ್ಪಷ್ಟವಾಗುತ್ತದೆ.

ಕತ್ತಿನ ಮೂಳೆಗಳು, ಏಳು. ಅವುಗಳ ಮೇಲೆ ಐದು ಕಿಲೋ ಆಸುಪಾಸಿನ ತಲೆ. ಒಳಗಿನ ಸರಕು ಗ್ರಾಹಕರಿಂದ ಗ್ರಾಹಕರಿಗೆ ಬದಲಾಗಬಹುದು.

ಗಮನಿಸಿ: ಕಣ್ಣುಗುಡ್ಡೆ ಒಂದೇ ಒಂದು ಮಿಲಿಮೀಟರ್ ಉದ್ದ ಹೆಚ್ಚಾದರೂ ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ಮೈನಸ್ ನಂಬರು ಬರುತ್ತದೆ. ದೂರದ ಬಸ್ಸಿನ ಬೋರ್ಡು ಮಸುಕಾಗುವುದು ಇದರಿಂದ; ಸಮೀಪದೃಷ್ಟಿ ಎನ್ನುವುದು ಇದನ್ನೇ. ಒಮ್ಮೆ ಬೆಳೆದ ಗುಡ್ಡೆಯನ್ನು ಮೊದಲಿನ ಅಳತೆಗೆ ಎಳೆದು ತರುವ ತಿರುಪು ಕತ್ತಿನಲ್ಲಾಗಲಿ ಬೆನ್ನುಹುರಿಯಲ್ಲಾಗಲಿ ಎಲ್ಲಿಯೂ ಇಲ್ಲ. ಹುಡುಕಿ ಸುಸ್ತಾಗಬೇಡಿ.

2. ಕೂರುವ ಕ್ರಮ

ಮೊದಲ ಹಂತ: ಪುಸ್ತಕವನ್ನು ಮೊಣಕೈಯಿಂದ ಮುಷ್ಟಿಯ ಗೆಣ್ಣಿನವರೆಗಿನ ದೂರದಲ್ಲಿ ಹಿಡಿಯಿರಿ. ಶಾಲಾಮಕ್ಕಳ ಮೇಜು, ಬೆಳಕು, ಕೂರುವ ಬಗೆಯನ್ನು ಕಳೆದ ಶತಮಾನದ ಮಧ್ಯದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಡಾರೆಲ್ ಬಾಯ್ಡ್ ಹಾರ್ಮನ್ ಅವರ ಹೆಸರಿನಲ್ಲಿ ಈ ಅಳತೆ ಪ್ರಸಿದ್ಧವಾಗಿದೆ. ಅಳತೆಪಟ್ಟಿ ಬೇಕಿಲ್ಲ, ಕೈ ಸಾಕು.

ಎರಡನೆಯ ಹಂತ: ಕಂಪ್ಯೂಟರ್ ಪರದೆ ತೋಳಿನಷ್ಟು ದೂರವಿರಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ.

ಮೂರನೆಯ ಹಂತ: ರೆಪ್ಪೆ ಬಡಿಯಿರಿ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲದ ಆಸುಪಾಸು ಬಡಿಯುವ ರೆಪ್ಪೆ, ಪರದೆಯ ಮುಂದೆ ಕೂತಾಗ ಅರ್ಧಕ್ಕೂ ಕಡಿಮೆಗೆ ಇಳಿಯಬಹುದು. ಸಂಜೆಯ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗಾಗುವುದಕ್ಕೆ ಇದು ದೊಡ್ಡ ಕಾರಣ.

ನಾಲ್ಕನೆಯ ಹಂತ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಸೂಚನೆ: 20 ಅಡಿಯೊಳಗೆ ಎದುರು ಮನೆಯ ಅಡುಗೆಕೋಣೆ ಬಂದುಬಿಟ್ಟರೆ ಆಕಾಶ ನೋಡಿ.

ಇಷ್ಟನ್ನೂ ಶ್ರದ್ಧೆಯಿಂದ ಮಾಡಿದರೆ ಸಿಗುವ ಫಲ: ಕತ್ತುನೋವು ತಗ್ಗುತ್ತದೆ, ಕಣ್ಣಿನ ಉರಿ ಮತ್ತು ದಣಿವು ಇಳಿಯುತ್ತವೆ. ಕನ್ನಡಕದ ನಂಬರು ಇದ್ದಲ್ಲೇ ಇರುತ್ತದೆ.

3. ಹಳೆಯ ಮಾಡೆಲ್ಲುಗಳು

ಬೆನ್ನು ಬಾಗಿದ್ದರಿಂದಲೇ ಕಣ್ಣು ಕೆಟ್ಟಿತು ಎಂಬ ವಾದ ವಾಟ್ಸಾಪ್‌ನಲ್ಲಿ ಹುಟ್ಟಿದ್ದಲ್ಲ. ಇಂದು ಪೋಲೆಂಡಿನಲ್ಲಿ ವ್ರೋತ್ಸ್‌ವಾಫ್ ಎಂದು ಕರೆಸಿಕೊಳ್ಳುವ, ಅಂದಿನ ಬ್ರೆಸ್ಲಾವ್ ನಗರದ ನೇತ್ರವೈದ್ಯ ಹರ್ಮನ್ ಕೋನ್ 1860ರ ದಶಕದಲ್ಲಿ 10,060 ಶಾಲಾಮಕ್ಕಳ ಕಣ್ಣು ಪರೀಕ್ಷಿಸಿದರು. ಹಳ್ಳಿಯ ಶಾಲೆಗಳಲ್ಲಿ ಸಮೀಪದೃಷ್ಟಿಯವರು ನೂರಕ್ಕೆ ಒಬ್ಬಿಬ್ಬರು. ಪೇಟೆಯ ದೊಡ್ಡ ವಿದ್ಯಾಶಾಲೆಗಳಲ್ಲಿ ಕಾಲುಭಾಗಕ್ಕೂ ಹೆಚ್ಚು. ತರಗತಿ ಏರಿದಂತೆ ನಂಬರೂ ಏರುತ್ತಿತ್ತು. ತಪ್ಪು ಯಾರದು? ಮಂದ ಬೆಳಕು ಮತ್ತು ಮೇಜಿನದು ಎಂದು ತೀರ್ಮಾನವಾಯಿತು. ಮಕ್ಕಳು ಬಗ್ಗಿ ಬರೆಯುತ್ತಾರೆ, ಆದ್ದರಿಂದ ಮೇಜು ಬದಲಿಸಿ. ಓರೆಯಾಗಿ ಬರೆಯುತ್ತಾರೆ, ಆದ್ದರಿಂದ ಅಕ್ಷರವನ್ನೂ ನೆಟ್ಟಗೆ ಮಾಡಿ. ಅದೇ ಊರಿನಲ್ಲಿ ಕನ್ನಡಕದ ಕಸುಬಿನ ಕಾಲ್‌ಮನ್ ಎಂಬವರು ಮೇಜಿಗೆ ತಿರುಪು ಹಾಕಿ ಕೂರಿಸುವ ಕಬ್ಬಿಣದ ಮುಖಾಧಾರವೊಂದನ್ನು ತಯಾರಿಸಿದರು. ಮಗುವಿನ ಮುಖ ಅದನ್ನು ದಾಟಿ ಪುಸ್ತಕದತ್ತ ಇಳಿಯುವಂತಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಡೊಂಕು ಹಿಡಿಸಿಕೊಂಡದ್ದು ಮೇಜು.

ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಚೀನಾದ ವುಹಾನ್‌ನ ಕೆಲವು ಪ್ರಾಥಮಿಕ ಶಾಲೆಗಳು ಮೇಜಿನ ಅಂಚಿಗೆ ಲೋಹದ ಅಡ್ಡಪಟ್ಟಿ ಬಿಗಿದವು. ಉದ್ದೇಶವೂ ಅದೇ, ವಿನ್ಯಾಸವೂ ಬಹುಮಟ್ಟಿಗೆ ಅದೇ. ಚೀನಾದ ಮಕ್ಕಳು 1963ರಿಂದ ಶಾಲೆಯಲ್ಲಿ ಧ್ವನಿವರ್ಧಕದ ತಾಳಕ್ಕೆ ಸರಿಯಾಗಿ ಕಣ್ಣಿನ ಸುತ್ತ ಬೆರಳಿನಿಂದ ಒತ್ತಿಕೊಳ್ಳುವ ವ್ಯಾಯಾಮವನ್ನೂ ಮಾಡುತ್ತ ಬಂದಿದ್ದಾರೆ. ಇಷ್ಟೆಲ್ಲ ಆದಮೇಲೂ 2018ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿನ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇಕಡ 53.6 ಮಂದಿಗೆ ಸಮೀಪದೃಷ್ಟಿ ಕಂಡಿತು.

ಕೆಲಸ ಮಾಡಿದ ಉಪಾಯ ಬಿಡಿಭಾಗಗಳ ಪಟ್ಟಿಯಲ್ಲೇ ಇರಲಿಲ್ಲ. ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇಕಡ 30.4, ಬಿಡದ ಶಾಲೆಗಳಲ್ಲಿ ಶೇಕಡ 39.5. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ತರಗತಿಯೊಳಗಿನ ಬೆಳಕು ಕೆಲವು ನೂರು ಲಕ್ಸ್; ಹೊರಗೆ ಹತ್ತು ಸಾವಿರವನ್ನು ಸುಲಭವಾಗಿ ದಾಟುತ್ತದೆ. ಆ ಪ್ರಖರ ಬೆಳಕಿಗೆ ಅಕ್ಷಿಪಟದಲ್ಲಿ ಡೋಪಮೈನ್ ಹೆಚ್ಚುತ್ತದೆ, ಅದು ಗುಡ್ಡೆಯ ಅತಿಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಇಂದು ಹೆಚ್ಚು ಮನ್ನಣೆ ಪಡೆದ ವಿವರಣೆ. ಬಯಲಿನಲ್ಲಿ ಮಗು ಗೂನು ಹಾಕಿ ಗೋಲಿ ಆಡಿದರೂ ನಡೆಯುತ್ತದೆ. ನಮ್ಮ ಶಾಲೆಗಳಿಗೆ ಸೂಚನೆ: ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟರಿಗೆ ಬಿಟ್ಟುಕೊಟ್ಟರೆ ಈ ಉಪಕರಣದ ದೋಷಕ್ಕೆ ತಯಾರಕರು ಹೊಣೆಯಲ್ಲ.

4. ನೈಸರ್ಗಿಕ ಅಪ್‌ಗ್ರೇಡ್

ಕನ್ನಡಕವನ್ನು ಕಿತ್ತೆಸೆಯಿರಿ ಎಂಬ ಪಂಥದ ಮೂಲಪುರುಷ ವಿಲಿಯಂ ಹೊರೇಷಿಯೊ ಬೇಟ್ಸ್ (1860–1931), ನ್ಯೂಯಾರ್ಕಿನ ನೇತ್ರವೈದ್ಯ. ನೋಟ ಹೊಂದಿಸುವುದರಲ್ಲಿ ಮಸೂರಕ್ಕೆ ಪಾತ್ರವಿಲ್ಲ, ಹೊರಗಿನ ಆರು ಸ್ನಾಯುಗಳೇ ಗುಡ್ಡೆಯನ್ನು ಹಿಂಡಿ ಉದ್ದಗಿಡ್ಡ ಮಾಡುತ್ತವೆ, ದೃಷ್ಟಿದೋಷವೆಲ್ಲ ಬಿಗಿತದಿಂದ ಬಂದದ್ದು ಎಂದು ಅವರು 1920ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಪರಿಹಾರ: ಅಂಗೈಯಿಂದ ಕಣ್ಣು ಮುಚ್ಚಿ ಕೂರುವುದು, ನಿಂತು ಮೈಯನ್ನು ಅತ್ತಿತ್ತ ತೂಗುವುದು, ಬಿಸಿಲಿಗೆ ಕಣ್ಣು ಒಡ್ಡುವುದು. ಕಾಣಿಸುವ ವಿದ್ಯೆಯ ಈ ಗುರು ಕಾಣೆಯಾಗುವುದರಲ್ಲೂ ನಿಪುಣರು. 1902ರಲ್ಲಿ ನ್ಯೂಯಾರ್ಕಿನಿಂದ ಹೇಳದೆ ಕೇಳದೆ ಮಾಯವಾಗಿ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಪತ್ತೆಯಾಗಿ, ಮತ್ತೆ ಮಾಯವಾದರು. 1929ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವರ ಜಾಹೀರಾತುಗಳು ದಾರಿತಪ್ಪಿಸುತ್ತವೆ ಎಂದು ದೂರು ಹೂಡಿತು. ನಮ್ಮ ದೇಶದಲ್ಲಿ ಈ ಪದ್ಧತಿಗೆ ಯೋಗದ ನಂಟು ಬೆಸೆದು ಪ್ರಚಾರ ಮಾಡಿದವರು ಪುದುಚೇರಿಯ ಶ್ರೀ ಅರವಿಂದ ಆಶ್ರಮದ ಡಾ. ಆರ್. ಎಸ್. ಅಗರ್‌ವಾಲ್.

ಬೇಟ್ಸ್ ವಾದವನ್ನು ನೀವೇ ಪರೀಕ್ಷಿಸಬಹುದು. ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಅಗಲಿಸುವ ಹನಿ ಹಾಕಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಾಗ ಗಮನಿಸಿ. ಆ ಹನಿ ಒಳಗಿನ ಬಳೆಸ್ನಾಯುವಿನ ಶಕ್ತಿಯನ್ನೂ ಕುಂದಿಸುತ್ತದೆ. ಹೊರಗಿನ ಆರನ್ನು ಮುಟ್ಟುವುದಿಲ್ಲ. ಗುಡ್ಡೆ ನಾಲ್ಕು ದಿಕ್ಕಿಗೂ ಸಲೀಸಾಗಿ ಹೊರಳುತ್ತಿರುತ್ತದೆ, ಕೈಯಲ್ಲಿರುವ ಪತ್ರಿಕೆಯ ಅಕ್ಷರ ಮಾತ್ರ ಕಲಸಿಹೋಗಿರುತ್ತದೆ. ಹೊರಗಿನ ಸ್ನಾಯುಗಳಿಂದಲೇ ನೋಟ ಹೊಂದುವುದಾಗಿದ್ದರೆ ನೀವು ಆಗಲೂ ಪತ್ರಿಕೆ ಓದಬೇಕಿತ್ತು.

ಹಾಗಾದರೆ ಅಭ್ಯಾಸ ಮಾಡಿದವರು "ಸುಧಾರಿಸಿದೆ" ಅನ್ನುವುದು ಸುಳ್ಳೇ? ಸುಳ್ಳಲ್ಲ. ಅಂಗೈ ಮುಚ್ಚಿ ಕೂತರೆ ದಣಿದ ಕಣ್ಣಿಗೆ ನಿಜವಾಗಿಯೂ ಹಾಯೆನಿಸುತ್ತದೆ. ಹತ್ತಿರದ್ದನ್ನೇ ನೋಡಿ ನೋಡಿ ಸೆಟೆದುಕೊಂಡ ಒಳಸ್ನಾಯು ಸಡಿಲವಾದರೆ ತಾತ್ಕಾಲಿಕ ಮಸುಕು ಸರಿಯುವುದೂ ಉಂಟು. ಮಸುಕನ್ನೇ ಓದುವ ಚಾಣಾಕ್ಷತೆಯನ್ನು ಮಿದುಳು ಕಲಿಯುತ್ತದೆ, ಗೋಡೆಯ ಚಾರ್ಟು ಬಾಯಿಪಾಠವೂ ಆಗುತ್ತದೆ. ಬೇಟ್ಸ್ ಪದ್ಧತಿಯನ್ನು ಹೊಗಳಿ 1942ರಲ್ಲಿ 'ದಿ ಆರ್ಟ್ ಆಫ್ ಸೀಯಿಂಗ್' ಬರೆದ ಆಲ್ಡಸ್ ಹಕ್ಸ್‌ಲಿ, ಹತ್ತು ವರ್ಷದ ನಂತರ ಹಾಲಿವುಡ್ಡಿನ ಔತಣವೊಂದರಲ್ಲಿ ಕನ್ನಡಕವಿಲ್ಲದೆ ಸರಾಗವಾಗಿ ಭಾಷಣ ಓದುತ್ತಿದ್ದರಂತೆ. ನಡುವೆ ತಡವರಿಸಿದರು, ಕಾಗದವನ್ನು ಕಣ್ಣಿನ ಹತ್ತಿರ ಹತ್ತಿರಕ್ಕೆ ತಂದರು, ಕೊನೆಗೆ ಜೇಬಿನಿಂದ ಭೂತಗನ್ನಡಿ ತೆಗೆದರು. ಭಾಷಣ ಅವರಿಗೆ ಕಂಠಪಾಠವಾಗಿತ್ತು ಎಂದು ಕಣ್ಣಾರೆ ಕಂಡ ಪ್ರಕಾಶಕ ಬೆನೆಟ್ ಸೆರ್ಫ್ ಬರೆದಿದ್ದಾರೆ.

5. ಎಚ್ಚರಿಕೆಗಳು (ಇದನ್ನು ಮಾತ್ರ ನಗದೆ ಓದಿ)

ಭಂಗಿಗೂ ಕಣ್ಣಿಗೂ ನಂಟೇ ಇಲ್ಲ ಎಂದು ಈ ಕೈಪಿಡಿ ಹೇಳುತ್ತಿಲ್ಲ. ನಿಜವಾದ ನಂಟು ಇರುವ ಕಡೆ ಉಪದೇಶಕರು ಇರುವುದಿಲ್ಲ, ಅಷ್ಟೇ.

ಶೀರ್ಷಾಸನ: ತಲೆ ಕೆಳಗೆ ಮಾಡಿದರೆ ಕಣ್ಣಿಗೆ ರಕ್ತ ಹರಿದು ನಂಬರು ಇಳಿಯುತ್ತದೆ ಎಂಬ ನಂಬಿಕೆ ಇದೆ. ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಪ್ರಕಾರ, ಶೀರ್ಷಾಸನದಲ್ಲಿರುವಾಗ ಕಣ್ಣಿನೊಳಗಿನ ಒತ್ತಡ ಸುಮಾರು ಎರಡರಷ್ಟಾಗುತ್ತದೆ. ಗ್ಲಾಕೋಮಾ ಇರುವವರಿಗೆ ಇದು ಆಟವಲ್ಲ. ಆಸನಕ್ಕೆ ಮುಂಚೆ ಕಣ್ಣಿನ ವೈದ್ಯರನ್ನು ಕೇಳಿ. ಕತ್ತಿಗೆ ಬಿಗಿಯಾಗಿ ಟೈ ಕಟ್ಟಿದರೂ ಆ ಒತ್ತಡ ತುಸು ಏರುತ್ತದೆ. ಟೈ ಬಿಡಲು ಕಾರಣ ಹುಡುಕುತ್ತಿದ್ದವರು ಇದನ್ನು ಕತ್ತರಿಸಿ ಮ್ಯಾನೇಜರಿಗೆ ಕೊಡಬಹುದು.

ಸೂರ್ಯ: ನೇರವಾಗಿ ದಿಟ್ಟಿಸಬೇಡಿ. ಅಕ್ಷಿಪಟ ಸುಡುತ್ತದೆ, ಸುಡುವಾಗ ನೋಯುವುದಿಲ್ಲ.

ಮುಖ ಕೆಳಗೆ: ಅಕ್ಷಿಪಟದ ನಡುವೆ ರಂಧ್ರವಾದವರಿಗೆ ಶಸ್ತ್ರಚಿಕಿತ್ಸೆ ಮಾಡಿ ಕಣ್ಣೊಳಗೆ ಅನಿಲದ ಗುಳ್ಳೆ ಬಿಡುತ್ತಾರೆ. ಗುಳ್ಳೆ ಮೇಲಕ್ಕೇರುತ್ತದೆ, ಅದು ಹಿಂದಿನ ಅಕ್ಷಿಪಟವನ್ನು ಒತ್ತಬೇಕಾದರೆ ಮುಖ ನೆಲ ನೋಡುತ್ತಿರಬೇಕು. ವೈದ್ಯರು ಹೇಳಿದಷ್ಟು ದಿನ ಬಗ್ಗಿಯೇ ಇರಿ, ಗುಳ್ಳೆ ಕರಗುವ ತನಕ ವಿಮಾನ ಹತ್ತಬೇಡಿ. ಭಂಗಿಯಿಂದ ಕಣ್ಣು ಉಳಿಯುವ ಅಪರೂಪದ ಸಂದರ್ಭವಿದು, ಅದೂ ತಲೆ ತಗ್ಗಿಸಿದ ಭಂಗಿ!

6. ದೋಷ ಮತ್ತು ನಿವಾರಣೆ

ದೋಷ: ಮಗು ಪುಸ್ತಕಕ್ಕೆ ಮೂಗು ತಾಗಿಸಿ ಓದುತ್ತದೆ, ಟಿವಿಗೆ ಅಂಟಿ ಕೂರುತ್ತದೆ. ಸಾಮಾನ್ಯ ತಪ್ಪು ನಿವಾರಣೆ: ಬೆನ್ನಿಗೆ ಒಂದು ಗುದ್ದು. ಸರಿಯಾದದ್ದು: ಕಣ್ಣು ಪರೀಕ್ಷೆ. ಅದು ಬಗ್ಗುತ್ತಿರುವುದು ಕಾಣದೆ.

ದೋಷ: ಮಗು ಫೋಟೋದಲ್ಲೆಲ್ಲ ತಲೆಯನ್ನು ಒಂದೇ ಕಡೆಗೆ ವಾಲಿಸಿರುತ್ತದೆ. ಕಾರಣ: ಕತ್ತೇ ಆಗಬೇಕಿಲ್ಲ. ಕಣ್ಣಿನ ಸ್ನಾಯುವೊಂದು ದುರ್ಬಲವಾದರೆ ಒಂದು ಎರಡಾಗಿ ಕಾಣುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮಗು ತಲೆ ವಾಲಿಸುತ್ತದೆ.

ದೋಷ: ನಲವತ್ತು ದಾಟಿದವರ ತೋಳು ಪತ್ರಿಕೆಗೆ ಸಾಲುತ್ತಿಲ್ಲ. ಕಾರಣ: ಒಳಗಿನ ಮಸೂರ ಗಡುಸಾಗಿದೆ. ನಿವಾರಣೆ: ಚಾಳೀಸು. ತೋಳು ಉದ್ದವಾಗುವ ಆಸನ ಲಭ್ಯವಿಲ್ಲ.

ದೋಷ: ಕಂಪ್ಯೂಟರ್ ಮುಂದೆ ಗದ್ದ ಎತ್ತಿ ಕೂತು ಕತ್ತು ಹಿಡಿದಿದೆ. ಕಾರಣ: ಬೈಫೋಕಲ್ ಗಾಜಿನ ಕೆಳಭಾಗದಿಂದ ಎದುರಿನ ಪರದೆ ನೋಡುವ ಸಾಹಸ. ನಿವಾರಣೆ: ಪರದೆ ಇಳಿಸಿ, ಇಲ್ಲವೇ ಆ ಕೆಲಸಕ್ಕೆಂದೇ ಬೇರೆ ಕನ್ನಡಕ ಮಾಡಿಸಿ.

ದೋಷ: ಮಿಂಚು ಹೊಡೆದಂತೆ, ಕರಿಚುಕ್ಕೆ ಸುರಿದಂತೆ, ಒಂದು ಬದಿಯಿಂದ ಪರದೆ ಇಳಿದಂತೆ ಕಾಣುತ್ತದೆ. ನಿವಾರಣೆ: ಈ ಕೈಪಿಡಿ ಮುಚ್ಚಿ ಇವತ್ತೇ ಆಸ್ಪತ್ರೆಗೆ ಹೋಗಿ. ಅಕ್ಷಿಪಟ ಕಳಚುತ್ತಿರಬಹುದು.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಮೊದಲ ನಾಲ್ಕರಲ್ಲೂ ಕೆಟ್ಟದ್ದು ಕಣ್ಣು ಅಥವಾ ಕನ್ನಡಕ, ಬಾಗಿದ್ದು ಮೈ. ಕತ್ತು ಕಣ್ಣಿನ ಜೀತದಾಳು. ಒಡೆಯನಿಗೆ ಕಾಣದಿದ್ದರೆ ಅದು ಬಗ್ಗುತ್ತದೆ, ವಾಲುತ್ತದೆ, ಚಾಚುತ್ತದೆ. ಆಳಿಗೆ ಬೈದರೆ ಒಡೆಯನ ಕಾಯಿಲೆ ವಾಸಿಯಾಗುವುದಿಲ್ಲ.

7. ಗ್ಯಾರಂಟಿ

ತಯಾರಕರಿಂದ ಗ್ಯಾರಂಟಿ ಇಲ್ಲ, ಬದಲಿ ಉಪಕರಣವೂ ಇಲ್ಲ. "ಕನ್ನಡಕ ಹಾಕಿದರೆ ನಂಬರು ಏರುತ್ತೆ" ಎಂದು ಮಗುವಿಗೆ ಕಡಿಮೆ ನಂಬರಿನದನ್ನು ಕೊಡಿಸುವವರು ಗಮನಿಸಿ: ಮಲೇಷ್ಯಾದಲ್ಲಿ ಹಾಗೆಯೇ ಮಾಡಿ ನೋಡಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ನಂಬರು ಹಾಕಿದ ಮಕ್ಕಳಲ್ಲೇ ಸಮೀಪದೃಷ್ಟಿ ತುಸು ಬೇಗ ಏರಿತ್ತು. ಚಿಕ್ಕ ವಯಸ್ಸಿನಲ್ಲಿ ಒಂದು ಕಣ್ಣಿನ ದೋಷವನ್ನು ಹಾಗೆಯೇ ಬಿಟ್ಟರೆ ಮಿದುಳು ಆ ಕಣ್ಣನ್ನು ಅಲಕ್ಷಿಸಲು ಕಲಿತುಬಿಡುತ್ತದೆ. ಆಮೇಲೆ ಎಂಥ ಕನ್ನಡಕ ಹಾಕಿದರೂ ಪೂರ್ತಿ ನೋಟ ಬಾರದೆ ಹೋಗಬಹುದು.

ಆದ್ದರಿಂದ ಬೆನ್ನಿನ ಹಿತಕ್ಕೆ ನೆಟ್ಟಗೆ ಕೂತುಕೊಳ್ಳಿ, ಮಕ್ಕಳನ್ನು ಹಗಲಲ್ಲಿ ಬಯಲಿಗೆ ಅಟ್ಟಿ. ಮನೆಯಲ್ಲಿ ಯಾವುದಾದರೂ ಮಗು ಗೂನು ಹಾಕಿ ಓದುತ್ತಿದ್ದರೆ, ಅದರ ಬೆನ್ನಿಗೆ ಕೈ ಎತ್ತುವ ಮೊದಲು ಕಣ್ಣನ್ನು ಡಾಕ್ಟರಿಗೆ ತೋರಿಸಿ.