ಆಪ್ಷನ್ ಮೀಮಾಂಸೆ: ಅಬಿಡ್ಸ್ ಶಾಖೆ

ಪ್ರತಿಜ್ಞೆ

ಹೈದರಾಬಾದಿನಲ್ಲಿ ಷೇರುಪೇಟೆಯ ಆಪ್ಷನ್ ವಿದ್ಯೆಗೆ ಎರಡು ಗುರುಪೀಠಗಳುಂಟು. ಒಂದು ಅಮೀರ್‌ಪೇಟ್ ಪೀಠ: ಜಾವಾ, ಸ್ಯಾಪ್ ಕಲಿಸುವ ಬೋರ್ಡುಗಳ ಸಂದಿಯಲ್ಲಿ, ಮೂರನೇ ಮಹಡಿ. ಇನ್ನೊಂದು ಅಬಿಡ್ಸ್ ಪೀಠ: ಭಾನುವಾರ ಅಂಗಡಿಗಳ ಶಟರ್ ಇಳಿದಾಗ ಫುಟ್‌ಪಾತಿನ ಮೇಲೆ ಹರಡಿಕೊಳ್ಳುವ ಹಳೇ ಪುಸ್ತಕದ ಸಂತೆ. ಮೊದಲನೆಯದಕ್ಕೆ ಫೀಸು ಕಟ್ಟಿ, ಎರಡನೆಯದರಲ್ಲಿ ಚೌಕಾಸಿ ಮಾಡಿ, ಕಾಚಿಗುಡಾ ನಿವಾಸಿಯಾದ ಈ ಪ್ರಬಂಧಕಾರ ಕಂಡುಕೊಂಡ ಸಿದ್ಧಾಂತವಿದು: ಮಾರ್ಕೆಟ್ ಮೇಕರ್ ಎಂಬ ಮಹಾಪುರುಷ ಕೂತಿರುವುದು ಎರಡನೆಯದರಲ್ಲಿ, ಗೋಣಿಚೀಲದ ಮೇಲೆ.

ಪರಂಪರೆ

ಹಳಬರು ಆಪ್ಷನ್ ಆಟವನ್ನು ತೇಜಿ-ಮಂದಿ ಎನ್ನುತ್ತಿದ್ದರು. ಷೇರುಗಳಲ್ಲಿ ಅದನ್ನು ಆಡಕೂಡದೆಂದು 1956ರ ಕಾಯ್ದೆ ಗದರಿತು. 1995ರಲ್ಲಿ ನಿಷೇಧ ತೆರವಾಯಿತು. 2001ರ ಜೂನಿನಲ್ಲಿ ನಿಫ್ಟಿ ಸೂಚ್ಯಂಕದ ಆಪ್ಷನ್ ಅವತರಿಸಿತು. 1943ರಲ್ಲಿ ಹುಟ್ಟಿದ ಹೈದರಾಬಾದ್ ಷೇರು ವಿನಿಮಯ ಕೇಂದ್ರ 2007ರಲ್ಲಿ ಮಾನ್ಯತೆ ಕಳೆದುಕೊಂಡಿತು. ಈಗ ಗುರುಕುಲವೆಂದರೆ ಅಂಗೈಯಗಲದ ಮೊಬೈಲು. ಈ ಶಾಸ್ತ್ರದ ಅಧಿದೇವತೆಗಳಿಗೆ ‘ಗ್ರೀಕ್ಸ್’ ಎಂದು ಹೆಸರು: ಡೆಲ್ಟಾ, ಗಾಮಾ, ಥೀಟಾ, ವೇಗಾ. ಕೊನೆಯ ವೇಗಾ ಗ್ರೀಕ್ ವರ್ಣಮಾಲೆಯಲ್ಲೇ ಇಲ್ಲ. ಅದು ನಮ್ಮ ಅಭಿಜಿತ್ ನಕ್ಷತ್ರದ ಹೆಸರು. ಆಕಾಶ ನೋಡುತ್ತ ಕಲಿಯುವ ವಿದ್ಯೆ ಇದೆಂಬುದಕ್ಕೆ ಬೇರೆ ಪ್ರಮಾಣ ಬೇಕೆ?

ಲಕ್ಷಣ

ಮಾರ್ಕೆಟ್ ಮೇಕರ್‌ನ ಬಾಯಲ್ಲಿ ಸದಾ ಎರಡು ಬೆಲೆ. ಪ್ರವೇಶ ಪರೀಕ್ಷೆಯ ಗೈಡು ಕೊಳ್ಳುವುದಾದರೆ 80, ಮಾರುವುದಾದರೆ 150. ಒಳಗೇನಿದೆ ಎಂಬುದು ಅವನಿಗೆ ಬೇಡ. ಮಧ್ಯಾಹ್ನದೊಳಗೆ ಅಂಥವೇ ಆರು ಬಂದು ಬಿದ್ದರೆ ಎರಡನ್ನೂ ಒಂದು ಮೆಟ್ಟಿಲು ಇಳಿಸುತ್ತಾನೆ: 60, 130. “ಬೆಲೆ ಏರುತ್ತದೋ ಇಳಿಯುತ್ತದೋ?” ಎಂದು ಕೇಳಿದೆ.

“ವೋ ಸಬ್ ನಕ್ಕೋ ಸಾಬ್. ಛುಟ್ಟಾ ಹೈ ಕ್ಯಾ?”

ಭಾಷ್ಯ: ದಿಕ್ಕು ಬೇಡ, ಚಿಲ್ಲರೆ ಸಾಕು.

ಕಾಲನಿರ್ಣಯ

ಪರೀಕ್ಷೆಯ ಮರುದಿನ ಅದೇ ಗೈಡು ತೂಕಕ್ಕೆ ಹೋಗುತ್ತದೆ. ಪಂಡಿತರು ಥೀಟಾ ಎನ್ನುವುದು ಇದನ್ನೇ: ಏನೂ ಮಾಡದೆ ಕೂತರೂ ದಿನ ಕಳೆದಂತೆ ಸವೆಯುವ ಬೆಲೆ. ನಿಫ್ಟಿಯ ವಾರದ ಆಪ್ಷನ್‌ಗಳಂತೂ 2025ರ ಸೆಪ್ಟೆಂಬರಿನಿಂದ ಅವಧಿ ಮುಗಿದು ಮಂಗಳ ಹಾಡುವುದೇ ಮಂಗಳವಾರ.

ಪೂರ್ವಪಕ್ಷ, ಖಂಡನೆ

“ಅನುಭವಿ ವೃತ್ತಿಪರರ ಬಳಿ ಕೂತು ಕಲಿಯಬಾರದೇ?” ಎನ್ನುವಿರಿ. ಕಲಿಯುತ್ತಲೇ ಇದ್ದೇವೆ, ಸ್ವಾಮಿ. ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಅವರದು ನಿತ್ಯಪಾಠ. ಷೇರುಪೇಟೆಯ ನಿಯಂತ್ರಕ ಸೆಬಿಯ 2024ರ ಅಧ್ಯಯನದಂತೆ, 2021-22ರಿಂದ ಮೂರು ವರ್ಷ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಬಿಡಿ ವ್ಯಾಪಾರಿಗಳಲ್ಲಿ ಶೇ. 93 ಮಂದಿಗೆ ನಷ್ಟ. ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. 2023-24ರಲ್ಲಿ ಸ್ವಂತ ಬಂಡವಾಳದಿಂದ ಆಡುವ ವೃತ್ತಿಪರರಿಗೆ, ಖರ್ಚು ಕಳೆಯುವ ಮುನ್ನ, ಸುಮಾರು 33,000 ಕೋಟಿ ಲಾಭ. ದ್ರೋಣರು ಏಕಲವ್ಯನ ಹೆಬ್ಬೆರಳನ್ನು ಒಂದೇ ಸಲ ಕೇಳಿದರು. ನಮ್ಮ ಗುರುಗಳು ಜಾಣರು; ಬೆರಳನ್ನು ನಮ್ಮಲ್ಲೇ ಬಿಟ್ಟಿದ್ದಾರೆ, ದಿನವೂ ‘ಬೈ’ ಒತ್ತಲಿ ಎಂದು.

ಫಲಶ್ರುತಿ

ಕೋರ್ಸಿಗೆಂದು ಅಬಿಡ್ಸ್‌ನಲ್ಲೇ 120ಕ್ಕೆ ಕೊಂಡಿದ್ದ ಆಪ್ಷನ್ ಪುಸ್ತಕವನ್ನು ಕಳೆದ ಭಾನುವಾರ ವಾಪಸು ಒಯ್ದೆ. ಗೋಣಿಚೀಲದವನು 50 ಕೊಟ್ಟ. ಮೊದಲ ಪುಟದಲ್ಲಿ ನನ್ನ ಹೆಸರಿನ ಮೇಲೆ ಇನ್ನೂ ಮೂರು ಹೆಸರುಗಳಿದ್ದವು, ಬೇರೆ ಬೇರೆ ಶಾಯಿಯಲ್ಲಿ. ಲಾಭದ ಅಧ್ಯಾಯದ ತುಂಬ ನಾಲ್ವರ ಅಡಿಗೆರೆ. ನಷ್ಟದ ಅಧ್ಯಾಯ ಹೊಚ್ಚ ಹೊಸದು. ಅವನು ಧೂಳು ಕೊಡವಿ ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. ನಾನು ಚಿಲ್ಲರೆ ಎಣಿಸಿಕೊಳ್ಳುವಷ್ಟರಲ್ಲಿ ಒಬ್ಬ ಹುಡುಗ ಬಂದು ಬೆಲೆ ಕೇಳಿದ.

“ಏಕ್ ಸೌ ಬೀಸ್.”