ಕೈಯಲ್ಲೇ ಒಯ್ಯುವ ಸಾಮಾನು

ಬೆಂಗಳೂರಿನಲ್ಲಿ ಬಾಡಿಗೆದಾರರು ಮನೆ ಬಿಡುವ ಕಾಲ ಬಂದದ್ದು ತಿಳಿಯುವುದು ಮಾಲೀಕರ ಮಗ ಅಮೆರಿಕದಿಂದ ವಾಪಸ್ ಬರುವ ಸುದ್ದಿ ಬಂದಾಗ. ಬಾಡಿಗೆ ಸಾಲದು ಎಂದು ನೇರವಾಗಿ ಹೇಳುವಷ್ಟು ಒರಟರಲ್ಲ ನಮ್ಮ ಮಾಲೀಕರು. "ಮಗ ಬರ್ತಾ ಇದಾನೆ, ನಿಮಗೆ ಗೊತ್ತೇ ಇದೆಯಲ್ಲ" ಅನ್ನುತ್ತಾರೆ. ಗೊತ್ತಿರುವುದಿಲ್ಲ, ಆದರೂ ತಲೆಯಾಡಿಸುತ್ತೇವೆ. ಸಹಕಾರನಗರದಲ್ಲಿ ಈ ಮಾತಿಗೆ ಬೇರೆ ಬಡಾವಣೆಗಳಿಗಿಂತ ತೂಕ ಹೆಚ್ಚು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗುವ ತನಕ ಅಮೆರಿಕದ ಮಗ ಎಚ್‌ಎಎಲ್‌ನಲ್ಲಿ ಇಳಿದು ಅರ್ಧ ಊರು ಸುತ್ತಿ ಬರಬೇಕಿತ್ತು. ಈಗ ಬಳ್ಳಾರಿ ರಸ್ತೆ ಹಿಡಿದು ಬಂದರೆ ಕೊಡಿಗೇಹಳ್ಳಿ ಗೇಟಿನ ಹತ್ತಿರ ತಿರುಗಿದರಾಯಿತು. ಆತ ಯಾವ ಗಳಿಗೆಯಲ್ಲಾದರೂ ಬಂದು ಬಾಗಿಲು ತಟ್ಟಬಹುದು ಎಂದು ನಂಬಲೇಬೇಕು. ಅದೇ ವಿಮಾನ ನಿಲ್ದಾಣ ಈ ಭಾಗದ ಬಾಡಿಗೆಯನ್ನೂ ಏರಿಸಿತಲ್ಲ ಎಂಬ ವಿಚಾರವನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹಾಗೆ ನೋಡಿದರೆ ನಾವು ಆ ಮನೆಗೆ ಹನ್ನೊಂದು ತಿಂಗಳ ಮಟ್ಟಿಗೆ ಬಂದವರು. ಒಂದು ವರ್ಷ ಮೀರುವ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ಕಾಯ್ದೆ ಹೇಳುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಉಸಾಬರಿಯೇ ಬೇಡವೆಂದು ಊರಿಗೆ ಊರೇ ಹನ್ನೊಂದು ತಿಂಗಳಿಗೆ ಸಹಿ ಹಾಕಿ ವರ್ಷಗಟ್ಟಲೆ ಸಂಸಾರ ಮಾಡುತ್ತದೆ. ಹೀಗೆ ಸ್ಟಾಂಪ್ ಪೇಪರ್ ಬದಲಾಯಿಸುತ್ತ ಹೋದಂತೆ ಅಟ್ಟದ ಮೇಲೆ ಏನೇನು ಸೇರಿಕೊಳ್ಳುತ್ತದೆ ಎಂಬುದು ಆ ಕಾಯ್ದೆ ಬರೆದವರಿಗೆ ಹೊಳೆದಿರಲಾರದು.

ಹೊಸ ಮನೆ ಸಿಕ್ಕಿದ್ದು ವಿದ್ಯಾರಣ್ಯಪುರದಲ್ಲಿ. ತಿಂಡ್ಲು ದಾಟಿದರೆ ಬಂತು. "ಇಷ್ಟು ಹತ್ತಿರಕ್ಕೆ ಪ್ಯಾಕರ್ಸ್ ಅಂಡ್ ಮೂವರ್ಸ್ ಯಾಕೋ?" ಎಂದು ಅಮ್ಮ ತಕರಾರು ತೆಗೆದರು. ಅಪ್ಪನಿಗೆ ವರ್ಗವಾದಾಗಲೆಲ್ಲ ಅಕ್ಕಪಕ್ಕದವರೇ ಬಂದು ಗಂಟುಮೂಟೆ ಕಟ್ಟಿಕೊಟ್ಟು, ಮಧ್ಯಾಹ್ನಕ್ಕೆ ಚಿತ್ರಾನ್ನವನ್ನೂ ಕೊಟ್ಟು ಕಳಿಸುತ್ತಿದ್ದರಂತೆ. "ಅತ್ತೆ, ಲಾರಿ ಬಂದು ನಿಂತ ಮೇಲೇನೇ ಈಗಿನ ಅಕ್ಕಪಕ್ಕದವರಿಗೆ ನಾವು ಇಲ್ಲಿದ್ವಿ ಅಂತ ಗೊತ್ತಾಗೋದು" ಎಂದಳು ನನ್ನ ಹೆಂಡತಿ. ಅಲ್ಲಿಗೆ ತೀರ್ಮಾನವಾಯಿತು.

ಮೊಬೈಲಿನಲ್ಲಿ ಒಂದೇ ಒಂದು ಕಡೆ ವಿಚಾರಿಸಿದ್ದೆ. ಅರ್ಧ ಗಂಟೆಯೊಳಗೆ ನಾನು ಮನೆ ಬಿಡುವ ಸಂಗತಿ ನನ್ನ ತಮ್ಮನಿಗೆ ಗೊತ್ತಾಗುವ ಮುಂಚೆಯೇ ಊರಿನ ಸಾಗಣೆದಾರರಿಗೆಲ್ಲ ಗೊತ್ತಾಗಿತ್ತು. ಒಬ್ಬ ಹದಿನೆಂಟು ಸಾವಿರ ಎಂದರೆ ಇನ್ನೊಬ್ಬ ಆರೂವರೆ ಎಂದ. ಆರೂವರೆಯವನ ಹತ್ತಿರ ಇನ್ನೆರಡು ಮಾತಾಡಿದರೆ ಲೆಕ್ಕ ಬಿಚ್ಚಿಕೊಳ್ಳುತ್ತದೆ: ಲಿಫ್ಟ್ ಇಲ್ಲದಿದ್ದರೆ ಮಹಡಿಗೆ ಇಷ್ಟು, ಮಂಚ ಬಿಚ್ಚಿ ಜೋಡಿಸುವುದಕ್ಕೆ ಬಡಗಿಗೆ ಇಷ್ಟು, ಎಸಿ ಇಳಿಸುವವನು ಬೇರೆ, ಲಾರಿ ಗೇಟಿನ ತನಕ ಬರದಿದ್ದರೆ ಅದಕ್ಕೊಂದಿಷ್ಟು. ಕೊನೆಗೆ ತಗ್ಗಿದ ದನಿಯಲ್ಲಿ, "ಬಿಲ್ ಬೇಕಾ ಸರ್?" ಬೇಕೆಂದರೆ ಶೇಕಡಾ 18 ಜಿಎಸ್‌ಟಿ, ಬೇಡವೆಂದರೆ ನಾಳೆ ಟಿವಿ ಒಡೆದಾಗ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಬಿಲ್ ಕೊಡುವ, ಮನೆಗೆ ಬಂದು ನೋಡಿ ದರ ಬರೆದುಕೊಡುವ ನಡುಮಟ್ಟದವನೊಬ್ಬನನ್ನು ಹಿಡಿದೆವು.

ದಿನ ಗೊತ್ತು ಮಾಡುವುದು ದರ ಗೊತ್ತು ಮಾಡುವುದಕ್ಕಿಂತ ಕಷ್ಟ. ಈ ದಂಧೆಯಲ್ಲಿ ತಿಂಗಳ ಕೊನೆ ದುಬಾರಿ, ಶನಿವಾರ ಭಾನುವಾರ ದುಬಾರಿ. ಕನ್ನಡದ ಮನೆಗಳು ಆಷಾಢದಲ್ಲಿ ಕದಲುವುದಿಲ್ಲವಾದ್ದರಿಂದ ಆಗ ಸ್ವಲ್ಪ ಸಸ್ತಾ. ಸರ್ವೆಗೆ ಬಂದ ಸೂಪರ್‌ವೈಸರ್ ದರ್ಭಾಂಗದ ಕಡೆಯವನು. ವರ್ಷಗಟ್ಟಲೆ ಹೆಬ್ಬಾಳದಲ್ಲಿದ್ದು ಕನ್ನಡ ಕಲಿತವನು. "ಈ ವಾರಾನೇ ಮಾಡಿ ಸರ್, ಡಿಸ್ಕೌಂಟ್ ಕೊಡ್ತೀನಿ. ಸಾವನ್ ಸ್ಟಾರ್ಟ್ ಆಗಿದೆ, ಒಳ್ಳೇ ಟೈಮು" ಎಂದ. ಅಮ್ಮ ಒಳಗಿನಿಂದ ಒಂಟಿಕೊಪ್ಪಲ್ ಪಂಚಾಂಗ ಹಿಡಿದೇ ಬಂದರು. ಅವನು ಹೇಳಿದ್ದು ಸುಳ್ಳಲ್ಲ. ಉತ್ತರದವರಿಗೆ ತಿಂಗಳು ಮುಗಿಯುವುದು ಹುಣ್ಣಿಮೆಗೆ, ನಮಗೆ ಅಮಾವಾಸ್ಯೆಗೆ. ಆಷಾಢದ ಹುಣ್ಣಿಮೆಯ ಮಾರನೆಯ ದಿನವೇ ದರ್ಭಾಂಗದಲ್ಲಿ ಶ್ರಾವಣ. ಸಹಕಾರನಗರದಲ್ಲಿ ಅದು ಬರಲು ಭೀಮನ ಅಮಾವಾಸ್ಯೆ ಕಳೆಯಬೇಕು. ಅವನ ಶ್ರಾವಣದಲ್ಲಿ ನಮ್ಮ ಆಷಾಢದ ರಿಯಾಯಿತಿ ಪಡೆಯಬಹುದಾದ ಹದಿನೈದು ದಿನಗಳ ಸಂದೊಂದು ಅಲ್ಲಿತ್ತು. ನನಗಂತೂ ಆಸೆಯಾಯಿತು. "ಅವನ ಶ್ರಾವಣದಲ್ಲಿ ಅವನು ಮನೆ ಬದಲಾಯಿಸ್ಲಿ" ಎಂದು ಅಮ್ಮ ಪಂಚಾಂಗ ಮುಚ್ಚಿದರು. ನಮ್ಮ ಶ್ರಾವಣದ ಒಂದು ಗುರುವಾರ, ಒಂದೂವರೆಯ ರಾಹುಕಾಲಕ್ಕೆ ಮುಂಚೆ ಲಾರಿ ಹೊರಡಬೇಕು ಎಂದು ಪೂರ್ತಿ ದರಕ್ಕೇ ಒಪ್ಪಂದವಾಯಿತು.

ಆಮೇಲೆ ಅವನು ಕೋಣೆ ಕೋಣೆ ನೋಡುತ್ತ ಒಂದು ಫಾರಂ ತುಂಬಿಸತೊಡಗಿದ. ಸಾಮಾನು ಒಂದು ಕಡೆ, ಅದರ ಬೆಲೆ ಇನ್ನೊಂದು ಕಡೆ. ಇದಕ್ಕೂ ಕಾನೂನಿದೆ. ಈ ದೇಶದ ಲಾರಿಗಳನ್ನು ಬಹುಕಾಲ ಆಳಿದ್ದು 1865ರ ಕ್ಯಾರಿಯರ್ಸ್ ಆಕ್ಟ್. ಅಂದರೆ ಮೋಟಾರು ಹುಟ್ಟುವ ಮುಂಚಿನದು. ಅದರ ಜಾಗಕ್ಕೆ ಬಂದದ್ದು 2007ರ ರಸ್ತೆ ಸಾಗಣೆ ಕಾಯ್ದೆ. ಅದರಂತೆ ಸಾಮಾನಿನ ಬೆಲೆಯನ್ನು ಕಳಿಸುವವರೇ ಬರೆದುಕೊಡಬೇಕು. ಹೆಚ್ಚಿನ ಬೆಲೆ ತೋರಿಸಿ ಹೆಚ್ಚಿನ ದರ ಒಪ್ಪದಿದ್ದರೆ, ಹಾಳಾದದ್ದಕ್ಕೆ ಸಾಗಣೆದಾರನ ಹೊಣೆ ಒಂದು ಮಿತಿಯೊಳಗೇ. ಫ್ರಿಜ್ಜು, ಟಿವಿ, ವಾಷಿಂಗ್ ಮಷೀನುಗಳಿಗೆ ಬೆಲೆ ಹೇಳುವುದು ಸುಲಭವಿತ್ತು. ಹಿತ್ತಲ ಮೂಲೆಯ ಒರಳುಕಲ್ಲಿನ ಹತ್ತಿರ ಬಂದಾಗ ಸೂಪರ್‌ವೈಸರ್ ನಿಂತ. "ಇದು ನಮ್ಮತ್ತೆಯೋರ ಕಾಲದ್ದಪ್ಪ" ಎಂದರು ಅಮ್ಮ. ಅವನು ಸ್ವಲ್ಪ ಯೋಚಿಸಿ 200 ಎಂದು ಬರೆದ.

ಅಮ್ಮ ಏನೂ ಅನ್ನಲಿಲ್ಲ. ಅವನು ಹೋದ ಮೇಲೆ, "ಒರಳು ಲಾರಿಲಿ ಬೇಡ, ಕೈಲೇ ತಗೊಂಡ್ಹೋಗೋಣ" ಎಂದರು.

ಕೈಯಲ್ಲೇ ಒಯ್ಯುವ ಸಾಮಾನಿನ ಪಟ್ಟಿ ಶುರುವಾದದ್ದು ಹಾಗೆ. ದೇವರ ಪಟಗಳನ್ನು ಯಾರದೋ ಕೈಗೆ ಕೊಡುವುದು ಹೇಗೆ? ಪಟ್ಟಿಗೆ. ತುಳಸಿ ಗಿಡ, ಒಡವೆ, ಕಾಗದಪತ್ರ, ಉಪ್ಪಿನಕಾಯಿ ಭರಣಿ ಎಲ್ಲ ಪಟ್ಟಿಗೆ. ಹೆಂಡತಿ ತನ್ನ ವೀಣೆಯನ್ನು ಸೇರಿಸಿದಳು. ನಾನೂ ಸುಮ್ಮನಿರಲಿಲ್ಲ, ಅಪ್ಪನ ಮರ್ಫಿ ರೇಡಿಯೊ ಸೇರಿಸಿದೆ. ಅದು ಹಾಡಿ ಎಷ್ಟೋ ಕಾಲವಾಗಿದೆ. ಕಂಪನಿಯವರೂ ತಮ್ಮ ಪಾಲು ಕೊಟ್ಟರು: ಬೆಂಕಿಯ ಭಯವೆಂದು 14.2 ಕಿಲೋದ ಗ್ಯಾಸ್ ಸಿಲಿಂಡರ್ ಒಲ್ಲೆವೆಂದರು, ಆಸಿಡ್ ಎಂದು ಇನ್ವರ್ಟರ್ ಬ್ಯಾಟರಿಯನ್ನೂ ಒಲ್ಲೆವೆಂದರು. ಹಿಂದಿನ ರಾತ್ರಿ ನೋಡಿದರೆ ಲಾರಿಗೆ ದುಡ್ಡು ಕೊಟ್ಟವರು ನಾವು, ಮನೆ ಸಾಗಿಸುವುದು ಮಾತ್ರ ನಮ್ಮ ಹಳೆಯ ಮಾರುತಿ ಕಾರು ಎಂಬಂತಾಗಿತ್ತು.

ಗುರುವಾರ ಬೆಳಗ್ಗೆ ಹುಡುಗರು ಬಂದರು. ಅವರ ಕೈಚಳಕವನ್ನು ಮೆಚ್ಚಲೇಬೇಕು. ನಾವು ಒಂದು ವಾರದಿಂದ ಹಳೆ ಪ್ರಜಾವಾಣಿಯಲ್ಲಿ ಸುತ್ತುತ್ತಿದ್ದ ಲೋಟಗಳನ್ನು ಅವರು ಬಿಚ್ಚಿ, ಬಬಲ್ ರ‍್ಯಾಪಿನಲ್ಲಿ ಸುತ್ತಿ, ಟೇಪು ಚರ್ರೆನ್ನಿಸಿ, ಕಾಫಿ ಆರುವುದರೊಳಗೆ ಅಡುಗೆಮನೆಯನ್ನೇ ರಟ್ಟಿನ ಡಬ್ಬಗಳಿಗೆ ಇಳಿಸಿದರು. ಮಂಚ ಬಿಚ್ಚಿದವನು ಬೋಲ್ಟುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅದನ್ನು ಮಂಚದ ಕಾಲಿಗೇ ಟೇಪಿನಲ್ಲಿ ಅಂಟಿಸಿದ. ನನಗೆ ಮಣಿಪಾಲದ ವಿಜಯನಾಥ ಶೆಣೈ ನೆನಪಾದರು. ಬ್ಯಾಂಕ್ ನೌಕರರಾಗಿದ್ದ ಆ ಪುಣ್ಯಾತ್ಮರು ಸಾಮಾನನ್ನಲ್ಲ, ಮನೆಗಳನ್ನೇ ಸಾಗಿಸಿದವರು. ಕೆಡವುವ ಹಂತಕ್ಕೆ ಬಂದಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲುವಾಡ ಸಮೇತ ಬಿಚ್ಚಿ ತಂದು ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರು ಚೌಕಿಮನೆ ಈಗ ಅಲ್ಲಿದೆ. ಒಂದು ಮಂಚದ ಬೋಲ್ಟು ಕಳೆದೀತೆಂದು ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಒಂದಿಡೀ ಚೌಕಿಮನೆ ಬಿಚ್ಚಿಟ್ಟುಕೊಂಡು ಅವರು ಹೇಗೆ ಮಲಗುತ್ತಿದ್ದರೋ!

ಹನ್ನೊಂದಕ್ಕೆಲ್ಲ ಲಾರಿ ತುಂಬಿತು. ತುಂಬಿತು ಎನ್ನುವುದಕ್ಕಿಂತ ಸಾಮಾನು ಮುಗಿಯಿತು ಎನ್ನಬೇಕು. ಹಿಂದುಗಡೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ ಉಳಿದಿತ್ತು. ಇತ್ತ ಕಾರಿನಲ್ಲಿ ಸಿಲಿಂಡರ್ ಮುಂದಿನ ಸೀಟಿನ ಕೆಳಗೆ, ಬ್ಯಾಟರಿ ಡಿಕ್ಕಿಯಲ್ಲಿ, ವೀಣೆ ಹಿಂದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂತಿತ್ತು. ಒರಳನ್ನು ಡಿಕ್ಕಿಗೆ ಏರಿಸಲು ನಾನು ಹೆಣಗುತ್ತಿದ್ದುದನ್ನು ಸಿಂಧನೂರಿನ ಕಡೆಯ ಹುಡುಗನೊಬ್ಬ ಬಹಳ ಹೊತ್ತು ನೋಡಿದ.

"ಸರ್ರ, ಇದನ್ನೂ ಕೈಯಾಗ ಒಯ್ತೀರೇನ್ರಿ?"

ಹೌದು ಎಂದೆ.

"ಮತ್ತ ಲಾರಿ ಯಾಕ ಕರದೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒರಳನ್ನು ಎತ್ತಿ ಡಿಕ್ಕಿಯಲ್ಲಿಟ್ಟ. ಕಾರಿನ ಹಿಂಭಾಗ ಒಂದು ಗೇಣು ಕುಸಿಯಿತು. ಅಮ್ಮ ಅವನಿಗೆ ಐವತ್ತು ರೂಪಾಯಿ ಕೊಟ್ಟು, "ನೋಡಿಟ್ಯಪ್ಪ, ಚೆನ್ನಾಗಿಟ್ಟೆ" ಎಂದರು. ಇಡೀ ದಿನದಲ್ಲಿ ಕಂಪನಿಗೆ ಅವರಿಂದ ಸಿಕ್ಕ ಪ್ರಶಂಸೆ ಅದೊಂದೇ.

ಲಾರಿಗಿಂತ ಮುಂಚೆ ನಾವು ತಲುಪಬೇಕಿತ್ತು, ಏಕೆಂದರೆ ಸಾಮಾನು ಒಳಗೆ ಬರುವ ಮೊದಲು ಹಾಲುಕ್ಕಬೇಕು. ಸಿಲಿಂಡರನ್ನು ಕಂಪನಿಯವರು ಒಲ್ಲೆ ಎಂದದ್ದು ಆಗ ಉಪಕಾರವೇ ಆಯಿತು. ಒಲೆ, ಪಾತ್ರೆ, ನಂದಿನಿ ಪ್ಯಾಕೆಟ್ಟು ಎಲ್ಲ ಕೈಯಲ್ಲೇ ಇತ್ತು. ಲೈಟರ್ ಮಾತ್ರ ಲಾರಿಯಲ್ಲಿತ್ತು. ದೇವರ ಮುಂದಿಡಲು ತಂದಿದ್ದ ಬೆಂಕಿಪೊಟ್ಟಣ ಸಮಯಕ್ಕಾಯಿತು. ಹಾಲು ಪೂರ್ವಕ್ಕೆ ಉಕ್ಕಿತು ಎಂದರು ಅಮ್ಮ. ನನ್ನ ಲೆಕ್ಕಕ್ಕೆ ಅದು ಆಗ್ನೇಯ.

ಉಳಿದದ್ದು ಕಾಗದದ ಕೆಲಸ. ಗೃಹಜ್ಯೋತಿಗೆ ಹಳೆಯ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಬೇಕು. ಮತದಾರರ ಪಟ್ಟಿಗೆ ನಮೂನೆ 8. ಗ್ಯಾಸ್ ಏಜೆನ್ಸಿಗೆ ಹೊಸ ವಿಳಾಸ. ಇವೆಲ್ಲ ಕೂತಲ್ಲೇ ಆಗುತ್ತವೆ ಎನ್ನುತ್ತಾರೆ, ಒಟಿಪಿ ಬಂದರೆ.

ಮುಂದಿನ ವಾರ ಸೂಪರ್‌ವೈಸರ್ ಫೋನ್ ಮಾಡಿದ. ಐದು ಸ್ಟಾರ್ ಕೊಡಬೇಕಂತೆ, ಹಾಗೆಯೇ ಖಾಲಿ ಡಬ್ಬಗಳನ್ನು ವಾಪಸ್ ಕೊಡುವುದಾದರೆ ಹುಡುಗನನ್ನು ಕಳಿಸುತ್ತಾನಂತೆ. ಸ್ಟಾರ್ ಕೊಟ್ಟೆ. ಡಬ್ಬಗಳಿಗಾಗಿ ಅಟ್ಟ ಹತ್ತಿದೆ. ಅಮ್ಮ ಅವನ್ನೆಲ್ಲ ಮಡಿಸಿ, ಹಳೇ ಸೀರೆಯ ಅಂಚಿನಿಂದ ಕಟ್ಟಿ ಒಪ್ಪವಾಗಿ ಜೋಡಿಸಿಟ್ಟಿದ್ದರು.

"ಅದನ್ನ ಯಾಕೆ ಕೊಡ್ತೀಯ, ಇರ್ಲಿ" ಎಂದರು ಕೆಳಗಿನಿಂದ. "ಈ ಮಾಲೀಕರಿಗೂ ಒಬ್ಬ ಮಗ ಇದಾನಂತೆ. ಕೆನಡಾದಲ್ಲಿ."