ಶುಭೇಚ್ಛುಕರ ಹಾಡು

ನನ್ನ ತಂಗಿಯ ಮಗಳು ಕೊಲ್ಲಾಪುರದಲ್ಲಿ ಓದುತ್ತಾಳೆ. ಏನು ಓದುತ್ತಾಳೆ ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಈಚೆಗೆ ಮಾತ್ರ ‘ಹಾಡು ಮಾಡಾಕತ್ತಾಳ’ ಎಂಬಲ್ಲಿಗೆ ಎಲ್ಲರೂ ಒಮ್ಮತಕ್ಕೆ ಬಂದಿದ್ದೇವೆ. ಇದು ಕೂತು ಕೇಳುವ ಹಾಡಲ್ಲ, ಮೊಬೈಲ್ ಅಡ್ಡ ಹಿಡಿದು ನೋಡುವ ಹಾಡು. ನಾಲ್ಕು ನಿಮಿಷದ ವಿಡಿಯೋ. ಅದಕ್ಕೂ ಮೊದಲು ಹದಿನೈದು ಸೆಕೆಂಡಿನ ಟೀಸರ್. ಟೀಸರಿನ ತಾರೀಖು ಸಾರುವುದಕ್ಕೊಂದು ಪೋಸ್ಟರ್. ಪೋಸ್ಟರ್ ಬರಲಿದೆ ಎಂದು ತಿಳಿಸುವುದಕ್ಕೊಂದು ಸ್ಟೇಟಸ್. ಇದರ ಮೀಟಿಂಗೆಲ್ಲ ಗಡಹಿಂಗ್ಲಜದ ನಮ್ಮ ಪಡಸಾಲೆಯಲ್ಲಿ. ನಮ್ಮಲ್ಲಿ ಚಹಾ ಕೇಳದೆಯೇ ಬರುತ್ತದೆ, ಕಾರಣ ಅಷ್ಟೇ.

ಕ್ಯಾಮೆರಾ ಕೊಲ್ಲಾಪುರದ ಹುಡುಗನದು, ತಾಳ ಇಚಲಕರಂಜಿಯವನದು, ಸಾಹಿತ್ಯ-ನಿರ್ದೇಶನ ನಮ್ಮವಳದು. ಪಲ್ಲವಿ ಕನ್ನಡ, ಚರಣ ಮರಾಠಿ. ನೂಲ, ಹೆಬ್ಬಾಳ, ಹಲಕರ್ಣಿ ಕಡೆಯವರಿಗೆ ಒಲೆಯ ಮುಂದೆ ಕನ್ನಡ, ಕರಿಹಲಗೆಯ ಮುಂದೆ ಮರಾಠಿ; ಅದರಲ್ಲಿ ಯಾರಿಗೂ ಹೊಸದೇನೂ ಕಾಣಲಿಲ್ಲ. ಇಲ್ಲಿಂದ ಕೊಲ್ಲಾಪುರಕ್ಕೆ ನಿಪ್ಪಾಣಿ ಮೇಲೆ ಹೋಗುವ ಬಸ್ಸೂ ನಡುವೆ ಕರ್ನಾಟಕವನ್ನು ಹೊಕ್ಕೇ ಹೊರಬೀಳುತ್ತದೆ. ನಿದ್ದೆ ಹತ್ತಿದವರಿಗೆ ರಾಜ್ಯ ಬದಲಾದದ್ದೇ ಗೊತ್ತಾಗುವುದಿಲ್ಲ.

ಜಗಳ ಹತ್ತಿದ್ದು ಎಲ್ಲಿ ಶೂಟಿಂಗ್ ಎಂಬುದಕ್ಕೆ. ರಂಕಾಳ ಕೆರೆಯ ಮೇಲೆ ಡ್ರೋನ್ ಹಾರಿಸದಿದ್ದರೆ ಕ್ಯಾಮೆರಾ ಮುಟ್ಟುವುದಿಲ್ಲ ಎಂದ ಕೊಲ್ಲಾಪುರದವ. ಹಿರಣ್ಯಕೇಶಿ ದಂಡೆ ಬೇಕೇ ಬೇಕು ಎಂದಳು ನಮ್ಮವಳು. ಇಚಲಕರಂಜಿಯವನ ಪಟ್ಟು ಪವರ್‌ಲೂಮ್ ಶೆಡ್ಡಿಗೆ. ಅವರ ಮನೆತನ ರಬಕವಿ-ಬನಹಟ್ಟಿ ಕಡೆಯಿಂದ ಬಂದ ನೇಕಾರರದು. ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಅಂದಿನಿಂದ ಅಲ್ಲಿಯ ಜನ ಗಟ್ಟಿ ದನಿಯಲ್ಲಿಯೇ ಮಾತಾಡುತ್ತಾರೆ.

ಶೆಡ್ ನೋಡಲು ಹೋದವರ ಜೊತೆ ನಾನೂ ಹೋಗಿದ್ದೆ. ಇಂಥ ವಿಡಿಯೋದಲ್ಲಿ ಹಾಡನ್ನು ಸ್ಪೀಕರಿಗೆ ಹಾಕಿರುತ್ತಾರೆ, ಕುಣಿಯುವವರು ಅದಕ್ಕೆ ತುಟಿ ಆಡಿಸಬೇಕು. ಸ್ಪೀಕರ್ ಹಚ್ಚಿದರು. ಕೆಂಪು ದೀಪ ಉರಿಯಿತು, ಹಾಡು ಮಾತ್ರ ಕೇಳಲಿಲ್ಲ. ಲಾಳಿ ಆ ತುದಿಯಿಂದ ಈ ತುದಿಗೆ ನಿಮಿಷಕ್ಕೆ ನೂರರ ಮೇಲೆ ಸಲ ಬಡಿಯುತ್ತದೆ, ಅಂಥ ಮಗ್ಗಗಳ ಸಾಲೇ ಅಲ್ಲಿದೆ. ಎರಡು ನಿಮಿಷ ನಿಲ್ಲಸ್ತೀರೇನ್ರಿ ಎಂದು ನಮ್ಮವಳು ಕಿವಿಯಲ್ಲಿ ಕೂಗಿದಳು. ಮಗ್ಗದ ಮುಂದಿದ್ದ ಹಿರಿಯರು ನೂಲು ಹರಿದದ್ದನ್ನು ಎರಡು ಬೆರಳಲ್ಲಿ ಗಂಟು ಹಾಕುತ್ತಲೇ, “ಮಜೂರಿ ಪಿಕ್ಕಿನ ಮ್ಯಾಲ ಐತವಾ. ನಿಂತ ಮಗ್ಗಕ್ಕ ರೊಕ್ಕ ಯಾರ ಕೊಡ್ತಾರ?” ಎಂದು ಕೂಗಿದರು. ಹಾಡಿಗೆ ಮಗ್ಗ ಹೊಂದದಿದ್ದರೆ ಮಗ್ಗಕ್ಕೇ ಹಾಡು ಹೊಂದಿಸೋಣ ಎಂದು ತಾಳದವ ತೀರ್ಪು ಕೊಟ್ಟ. ಹೀಗಾಗಿ ನಾಯಕಿ ಈಗ ಬಹಳ ಅವಸರದಲ್ಲಿ ಪ್ರೀತಿಗೆ ಬೀಳುತ್ತಾಳೆ. ಗ್ವಾಲಿಯರ್ ಗಾಯನಶೈಲಿಯನ್ನು ಮಹಾರಾಷ್ಟ್ರಕ್ಕೆ ತಂದ, ವಿಷ್ಣು ದಿಗಂಬರ ಪಲುಸ್ಕರರಿಗೆ ಗುರುವಾದ ಬಾಳಕೃಷ್ಣಬುವಾ ಇದೇ ಇಚಲಕರಂಜಿಯವರೆಂದು ಹೆಸರಾದವರು. ಅವರ ಕಾಲಕ್ಕೆ ವಿಲಂಬಿತಕ್ಕೆ ಊರಲ್ಲಿ ಜಾಗವಿತ್ತೆಂದು ಕಾಣುತ್ತದೆ.

ಮರಳಿ ಬರುವಾಗ ಇತಿಹಾಸ ತೆಗೆಯಲು ನನಗೊಂದು ಸಂದಿ ಸಿಕ್ಕಿತು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ತೆರೆಗೆ ಬಂದದ್ದು 1934ರಲ್ಲಿ; ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಲ್ಲಲ್ಲ, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿರ್ದೇಶನ ವೈ.ವಿ. ರಾವ್. ಇಂದ್ರಜಿತು ಸುಬ್ಬಯ್ಯ ನಾಯ್ಡು, ಸುಲೋಚನೆ ತ್ರಿಪುರಾಂಬ, ರಾವಣ ಆರ್. ನಾಗೇಂದ್ರರಾವ್. ಸಂಗೀತದಲ್ಲೂ ರಾವಣನದೇ ಕೈ. ಕನ್ನಡಿಗರ ಲಂಕೆ ಇಲ್ಲೇ ಇತ್ತು ಎಂದೆ.

“ಕ್ಲಿಪ್ ಐತೇನ್ ಮಾಮಾ?”

“ಇಲ್ಲವಾ. ಪ್ರಿಂಟೇ ಉಳಿದಿಲ್ಲ.”

ಮೂವರೂ ಸತ್ತವರ ಮನೆಗೆ ಬಂದವರ ಹಾಗೆ ಮುಖ ಮಾಡಿದರು. ಸಮಾಧಾನಕ್ಕೆಂದು ಬಾಬುರಾವ್ ಪೇಂಟರರನ್ನು ತಂದೆ. ನಾಟಕದ ಪರದೆ ಬರೆಯುತ್ತಿದ್ದ ಮನುಷ್ಯ, ತಮ್ಮ ಕೈಯಾರೆ ಕ್ಯಾಮೆರಾ ಮಾಡಿಕೊಂಡು, ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ 1920ರಲ್ಲಿ ‘ಸೈರಂಧ್ರಿ’ ತೆಗೆದವರು. ಕುಂಚ ಬಲ್ಲವರಾದ್ದರಿಂದ ತಮ್ಮ ಚಿತ್ರಕ್ಕೆ ಪೋಸ್ಟರನ್ನೂ ತಾವೇ ಬರೆದರು. 1924ರ ‘ಕಲ್ಯಾಣ ಖಜಿನಾ’ದ ಪೋಸ್ಟರ್ ನಮ್ಮ ದೇಶದಲ್ಲಿ ಉಳಿದ ಹಳೆಯ ಸಿನಿಮಾ ಪೋಸ್ಟರುಗಳಲ್ಲೊಂದು, ಚಿತ್ರ ನೋಡದವರೂ ಅದನ್ನು ಪುಸ್ತಕಗಳಲ್ಲಿ ನೋಡಿ ತಲೆದೂಗುತ್ತಾರೆ.

“ಅಂದ್ರ ಸಿನಿಮಾ ಹೋದ್ರೂ ಜಾಹೀರಾತು ಉಳೀತದ,” ಎಂದು ನಮ್ಮವಳು ಬಸ್ಸಿನಲ್ಲೇ ವಹಿ ತೆಗೆದು ಬಜೆಟ್ ತಿದ್ದಿದಳು. ಡ್ರೋನ್ ಹೊಡೆದುಹೋಯಿತು. ಎರಡನೇ ಚರಣಕ್ಕೆ ಇಟ್ಟಿದ್ದ ಬಾನ್ಸುರಿಯವನೂ ಹೋದ. ಉಳಿದ ರೊಕ್ಕವೆಲ್ಲ ಪ್ರಚಾರಕ್ಕೆ.

ರೊಕ್ಕ ಅಂದರೆ ಪ್ರಾಯೋಜಕರು ಕೊಡಬೇಕಾದದ್ದು. ಒಬ್ಬ ಚಪ್ಪಲಿ ವ್ಯಾಪಾರಿ ಒಪ್ಪಿದ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಕೂಡಿಯೇ ಅದನ್ನು ಹಂಚಿಕೊಂಡವು, ಹೀಗಾಗಿ ಎರಡು ಭಾಷೆಯ ಹಾಡಿಗೆ ಇದಕ್ಕಿಂತ ತಕ್ಕ ಜೋಡು ಎಲ್ಲಿ ಸಿಗಬೇಕು? ಅವನ ಕರಾರು ಒಂದೇ: ನಾಯಕನ ಮುಖಕ್ಕಿಂತ ಕಾಲು ಹೆಚ್ಚು ಕಾಣಬೇಕು. ನಾಯಕನನ್ನು ಕಂಡಿದ್ದ ನನಗೆ ಇದು ವ್ಯಾಪಾರಿಯ ಸೂಕ್ಷ್ಮ ದೃಷ್ಟಿ ಎನಿಸಿತು. ಇನ್ನೊಬ್ಬ ಬೆಲ್ಲದ ಅಡತಿಯವರು, “ರೊಕ್ಕ ಯಾಕ, ಮಾಲೇ ಒಯ್ಯರಿ,” ಎಂದು ಒಂದು ಪೆಂಟೆ ಬೆಲ್ಲ ಹೊರಿಸಿ ಕಳಿಸಿದರು. ಅದು ನಮ್ಮ ಅಡುಗೆಮನೆಯಲ್ಲಿದೆ. ಮೀಟಿಂಗಿನ ಚಹಾ ಈಗ ಅದರದೇ.

ಕೊನೆಗೆ ಉಳಿದದ್ದು ‘ಡಿಜಿಟಲ್’. ನಮ್ಮ ಕಡೆ ಚೌಕಿನಲ್ಲಿ ಕಟ್ಟುವ ಫ್ಲೆಕ್ಸಿಗೆ ಹೀಗೆನ್ನುತ್ತಾರೆ. ಹುಟ್ಟುಹಬ್ಬ, ಗಣಪತಿ, ನಿವಡಣೂಕ, ಯಾವುದೇ ಇರಲಿ, ನಡುವೆ ಒಬ್ಬರು ಕೈ ಎತ್ತಿರುತ್ತಾರೆ, ಸುತ್ತ ಅಂಗೈಯಷ್ಟಗಲದ ಮುಖಗಳು, ಅರ್ಧಕ್ಕರ್ಧ ಮಂದಿಗೆ ಗಾಗಲ್. ಡಿಟಿಪಿ ಅಂಗಡಿಯವನು ಹಾಡಿನ ಹೆಸರನ್ನೇ ಕೇಳಲಿಲ್ಲ. “ಮುಖ ಎಷ್ಟು?” ಎಂದ.

ಮುಖಕ್ಕೆ ದರ ಕಟ್ಟಿದರೆ ಖರ್ಚು ಹುಟ್ಟುತ್ತದೆ ಎಂದು ಅವನೇ ಹೇಳಿಕೊಟ್ಟ. ಮೇಲಿನ ಸಾಲಿಗೆ ಸಾವಿರ, ಕೆಳಗಿನ ಸಾಲಿಗೆ ಇನ್ನೂರು. ಓಣಿಯ ಅಣ್ಣಾ, ದಾದಾಗಳೆಲ್ಲ ತಾವಾಗಿ ಬಂದರು. ಹಾಡು ಕೇಳುತ್ತೇವೆ ಎಂದು ಒಬ್ಬರೂ ಅನ್ನಲಿಲ್ಲ, ತಮ್ಮ ಪಕ್ಕಕ್ಕೆ ಯಾರಿದ್ದಾರೆ ಎಂದು ಎಲ್ಲರೂ ವಿಚಾರಿಸಿದರು. ಚಪ್ಪಲಿ ನಡುವೆ ಬಂತು. ನಾಯಕಿ ಎಲ್ಲಿ ಎಂದು ಕೇಳಿದೆ. “ಕೆಳಗ, ಮೊಬೈಲ್ ನಂಬರಿನ ಬಾಜೂಕ.”

“ಮಾಮಾ, ಮ್ಯಾಲಿನ ಸಾಲಾಗ ಒಂದು ಜಾಗಾ ಖಾಲಿ ಐತಿ,” ಎಂದಳು ನಮ್ಮವಳು. ನಾನು ಇಂಥದರಲ್ಲೆಲ್ಲ ಬೀಳುವವನಲ್ಲ ಎಂದು ಸಾವಿರ ಎಣಿಸಿ ಕೊಟ್ಟೆ. ಒಂಟಿಯಾಗಿ ತೆಗೆಸಿಕೊಂಡ ಫೋಟೋ ಇರಲಿಲ್ಲ, ಮಗನ ಮದುವೆಯದರಿಂದ ನನ್ನನ್ನು ಕತ್ತರಿಸಿ ತೆಗೆದರು. ಫೇಟಾ ಚೆನ್ನಾಗಿ ಬಂದಿದೆ. ಬಸ್ ಸ್ಟ್ಯಾಂಡಿನ ಎದುರು ನಿಂತು ನೋಡಿದರೆ ಹೆಗಲ ಮೇಲೆ ನಮ್ಮ ಬೀಗರ ನಾಲ್ಕು ಬೆರಳು ಉಂಗುರ ಸಮೇತ ಕಾಣುತ್ತವೆ. ಬೀಗರು ಫೋನ್ ಮಾಡಿದ್ದರು: ನಾಲ್ಕು ಬೆರಳಿಗೆ ಲೆಕ್ಕ ಹಾಕಿದರೆ ತಮ್ಮ ಪಾಲು ಎಷ್ಟಾಗುತ್ತದೆ ಅಂತ.